ನಮ್ಮ ಮಗ ಸಾಕಿದ ಸಹಸ್ರಪದಿಗೆ ಕ್ಯಾಲ್ಸಿಯಂ ಸಿಗಲಿ ಅಂತ ಎಲೆ ಅಡಿಕೆ ಸುಣ್ಣ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಎಲೆಗೆ ಹಚ್ಚೋ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ನಮ್ಮ ನಾಲಿಗೆಯನ್ನೇ ಸುಡುತ್ತೆ. ದಿನವಿಡೀ ಒದ್ದೆ ಮಣ್ಣಲ್ಲೇ ಇರೋ ಜೀವ ಅದನ್ನ ಹೇಗೆ ತಡೆದೀತು? ಬೇಕಾಗಿರೋದು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆ ಚಿಪ್ಪನ್ನ ತೊಳೆದು, ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಮಣ್ಣಿಗೆ ಬೆರೆಸಿ. ಜೊತೆಗೆ ಪಕ್ಷಿಗಳಿಗೆ ಕೊಡೋ ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಕಡಲಜೀವಿಯ ಒಳಚಿಪ್ಪು) ತುಂಡೊಂದು ಇಡಿ. ರಾತ್ರಿ ಸಹಸ್ರಪದಿ ಅದನ್ನ ಮೀಸೆಯಿಂದ ತಟ್ಟಿ ತಟ್ಟಿ ನೋಡಿ, ಅಂಚನ್ನ ನಿಧಾನವಾಗಿ ಕೆರೆದು ತಿನ್ನುತ್ತೆ. ಬೆಳಿಗ್ಗೆ ಸಣ್ಣ ಗೀರುಗಳು ಕಾಣುತ್ತವೆ.

ಸಹಸ್ರಪದಿಯ ಮೈಕವಚ ಅಷ್ಟು ಗಟ್ಟಿ ಇರೋದು ಅದರಲ್ಲಿ ಈ ಕಾರ್ಬೊನೇಟ್ ಸೇರಿರೋದರಿಂದ. ಪೊರೆ ಬಿಟ್ಟಾಗೆಲ್ಲ ಹೊಸ ಕವಚಕ್ಕೆ ಮತ್ತೆ ಕ್ಯಾಲ್ಸಿಯಂ ಬೇಕು. ಅದಕ್ಕೇ ಕಳಚಿದ ಪೊರೆಯನ್ನ ತಾನೇ ತಿನ್ನುತ್ತೆ. ಕಸ ಅಂತ ಎತ್ತಿ ಎಸೆಯಬೇಡಿ.

ಆದರೆ ನೀವು ಬರೀ ತೆಂಗಿನ ನಾರಿನ ಪುಡಿ ಹಾಸಿ, ಸೌತೆಕಾಯಿ, ಕ್ಯಾರೆಟ್ ಕೊಡ್ತಿದ್ದೀವಿ ಅಂತ ಬರೆದಿದ್ದೀರಲ್ಲ, ನನಗೆ ಹೆಚ್ಚು ಆತಂಕ ಅದೇ. ತರಕಾರಿ ಅದಕ್ಕೆ ಬಾಯಿರುಚಿ ಅಷ್ಟೆ. ನಿಜವಾದ ಊಟ ಕೊಳೆತ ಎಲೆ ಮತ್ತು ಕೈಯಲ್ಲಿ ಹಿಸುಕಿದರೆ ಪುಡಿಯಾಗೋ ಲಡ್ಡು ಹಿಡಿದ ಮರ. ತೊಟ್ಟಿಯ ಹಾಸಿನಲ್ಲಿ ಮುಕ್ಕಾಲು ಪಾಲು ಅದೇ ಇರಲಿ, ಆಳ ಕನಿಷ್ಠ ಹುಳದ ಉದ್ದದಷ್ಟಿರಲಿ.

ನಮ್ಮ ಶಿಡ್ಲಘಟ್ಟದ ಕಡೆ ಎಲೆಗೇನು ಬರವಿಲ್ಲ, ಆರಿಸೋದರಲ್ಲಿ ಜಾಗ್ರತೆ ಬೇಕು. ನೀಲಗಿರಿ ತೋಪಿನ ಎಲೆ ಬೇಡ, ಅದರ ಎಣ್ಣೆ ಆಗಲ್ಲ. ಬೇವು, ಹೊಂಗೆಯೂ ಬೇಡ. ಮಾವಿನ ತೋಟದ ಎಲೆಯಾದರೆ ಯಾವಾಗ ಔಷಧಿ ಹೊಡೆದಿದ್ದರು ಅಂತ ಕೇಳಿ. ನಾನು ನೆಚ್ಚಿಕೊಂಡಿರೋದು ಹಿಪ್ಪುನೇರಳೆಯ ಉದುರೆಲೆಯನ್ನ. ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತೆ, ರೇಷ್ಮೆಹುಳು ಸಾಯುತ್ತೆ ಅನ್ನೋ ಭಯಕ್ಕೆ ರೈತರೂ ಔಷಧಿಯಲ್ಲಿ ಕೈಬಿಗಿ ಹಿಡೀತಾರೆ. ಆದರೂ ಕೇಳಿಯೇ ತನ್ನಿ. ತೋಟದ ಬದುವಿನಲ್ಲಿ ಬಿದ್ದದ್ದನ್ನಷ್ಟೇ ಆರಿಸಿ. ರೇಷ್ಮೆ ಮನೆಯಿಂದ ಆಚೆ ಹಾಕಿದ ಕಸ ಮಾತ್ರ ಬೇಡವೇ ಬೇಡ, ಅದರಲ್ಲಿ ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರ್ ಬೆರೆತಿರುತ್ತೆ.

ತರಕಾರಿ ತೊಳೆದು ಸ್ವಲ್ಪ ಸ್ವಲ್ಪವೇ ಕೊಡಿ, ಬೂಷ್ಟು ಕಟ್ಟೋ ಮೊದಲೇ ತೆಗೆದುಬಿಡಿ. ಅಪರೂಪಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಕೊಟ್ಟರೆ ಪ್ರೋಟೀನಿಗಾಯಿತು.

ನಿಮ್ಮ ಮಗನಿಗೆ ಇನ್ನೊಂದು ಮಾತು ಹೇಳಿ. ಹುಳ ವಾರಗಟ್ಟಲೆ ಮಣ್ಣೊಳಗೇ ಇದ್ದರೆ ಸತ್ತಿದೆ ಅಂತ ಅಗೆಯೋದು ಬೇಡ. ಪೊರೆ ಬಿಡೋಕೆ ಗೂಡು ಮಾಡಿಕೊಂಡಿರುತ್ತೆ, ಆಗ ಮೈ ತೀರಾ ಮೆತ್ತಗಿರುತ್ತೆ, ಗೂಡು ಒಡೆದರೆ ಉಳಿಯೋದು ಕಷ್ಟ. ಮಣ್ಣಿನ ತೇವ ಆರದಂತೆ ನೋಡಿಕೊಂಡರೆ ಸಾಕು.