ಮನೆಮಗಳ ಹಾಗೆ

ತಂಗೀ,

ಅಣ್ಣ ಅಂತ ಕರೆದು ಬರೆದಿದ್ದೀಯ, ಅದಕ್ಕೇ ನಾನೂ ಏಕವಚನದಲ್ಲೇ ಬರೀತೀನಿ. ಇಂಗ್ಲೆಂಡಿಗೆ, ಈ ಬ್ರಿಸ್ಟಲ್‌ಗೆ ಬಂದು ಮೂರು ವಾರ ಆಯ್ತು ಅಂದೆ. ಬಾಡಿಗೆ ಮನೇನ ಕಣ್ಣಾರೆ ನೋಡದೆ ಡಿಪಾಸಿಟ್ ಕಳಿಸಬೇಡ. ಹತ್ತಿರದ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಹತ್ರ ಮೂರೂ ಜನರ ಹೆಸರು ಬರೆಸು, ಕಾಯಿಲೆ ಬರೋವರೆಗೂ ಕಾಯಬೇಡ. ಮಳೆಗೆ ನನ್ನ ಹತ್ರ ಪರಿಹಾರ ಇಲ್ಲ. ಇಪ್ಪತ್ತು ವರ್ಷದ ಮೇಲಾಯ್ತು, ನನಗಿನ್ನೂ ಅಭ್ಯಾಸ ಆಗಿಲ್ಲ.

ಉಳಿದದ್ದು ಎರಡು ವಿಷಯ. ಆಫೀಸಿನವರು ಹೊಸಬರನ್ನೆಲ್ಲ ಬಂದರಿನ ಸುತ್ತ ನಡೆಸಿಕೊಂಡು ಹೋಗಿ ಗುಲಾಮರ ವ್ಯಾಪಾರದ ಕಥೆ ಹೇಳಿದರು, ಕೊನೆಗೆ ಏನನ್ನಿಸ್ತು ಅಂತ ಕೇಳಿದಾಗ ನೀನು "ನಮ್ಮನ್ನೂ ಆಳಿದವರು ನೀವು, ಇದರ ಪಾಪ ನನಗ್ಯಾಕೆ" ಅಂದೆ, ಎಲ್ಲರೂ ಸುಮ್ಮನಾದರು. ತಪ್ಪು ಮಾತಾಡಿದ್ನಾ ಅಂತ ಕೇಳಿದ್ದೀಯ. ಇನ್ನೊಂದು ಪತ್ರದ ಬಾಲದಲ್ಲಿತ್ತು: ಊರಿಂದ ಒಬ್ಬ ಹುಡುಗೀನ ಕರೆಸ್ಕೊಂಡರೆ ಮಗು ನೋಡ್ಕೋತಾಳೆ, ಮನೆಮಗಳ ಹಾಗೆ ಇಟ್ಕೋತೀವಿ, ವೀಸಾ ಹೇಗೆ? ನಿನಗೆ ಇವು ಬೇರೆ ಬೇರೆ ಪ್ರಶ್ನೆ. ನನಗೆ ಹಾಗೆ ಕಾಣಿಸಲಿಲ್ಲ, ಅದಕ್ಕೇ ಉತ್ತರ ತಡವಾಯ್ತು.

2004ರಲ್ಲಿ ನಾನು ಬಂದಾಗ ಊರ ಮಧ್ಯೆ ಎಡ್ವರ್ಡ್ ಕೋಲ್ಸ್ಟನ್ನನ ಕಂಚಿನ ಪ್ರತಿಮೆ ಇನ್ನೂ ನಿಂತಿತ್ತು. ನಗರದ ಅತ್ಯಂತ ಸದ್ಗುಣಿ, ವಿವೇಕಿ ಪುತ್ರರಲ್ಲೊಬ್ಬ ಅಂತ ಕೆಳಗೆ ಬರೆದಿತ್ತು. ಅದರ ಬುಡದಲ್ಲಿ ಕೂತು ಎಷ್ಟೋ ದಿನ ಬುತ್ತಿ ಬಿಚ್ಚಿದ್ದೀನಿ. ಶಾಲೆ, ಅನಾಥಾಲಯ ಕಟ್ಟಿಸಿದ ಯಾರೋ ಧರ್ಮಾತ್ಮ ಅಂದ್ಕೊಂಡಿದ್ದೆ. ಶಾಲೆಗೆ ದುಡ್ಡು ಕೊಟ್ಟಿದ್ದು ನಿಜವೇ. ಆ ದುಡ್ಡಿನ ಒಂದು ಪಾಲು ಬಂದಿದ್ದು ಗುಲಾಮರ ವ್ಯಾಪಾರ ಮಾಡ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಿಂದ. ಅವನು ಅದರಲ್ಲಿದ್ದ ಕಾಲಕ್ಕೆ ಸುಮಾರು 84,000 ಆಫ್ರಿಕನ್ನರನ್ನ ಹಡಗಿಗೆ ತುಂಬಿದರು, 19,000 ಜನ ದಾರಿಯಲ್ಲೇ ಸತ್ತರು ಅಂತ ಅಂದಾಜು. 2020ರ ಜೂನ್ 7ರಂದು ಜನ ಆ ಪ್ರತಿಮೆಗೆ ಹಗ್ಗ ಹಾಕಿ ಎಳೆದು ಬಂದರಿನ ನೀರಿಗೆ ಉರುಳಿಸಿದರು. ಈಗ ಎಂ ಶೆಡ್ ಮ್ಯೂಸಿಯಂನಲ್ಲಿ ಬಣ್ಣ ಬಳಿದುಕೊಂಡು ಅಂಗಾತ ಮಲಗಿದೆ.

ಪಾಪ ನಿನ್ನದಲ್ಲ, ಅದು ಸರಿ. ನಿನ್ನ ಪಕ್ಕದ ಮೇಜಿನ ಇಂಗ್ಲಿಷ್ ಹುಡುಗನದೂ ಅಲ್ಲ. ಆದರೆ ಪಾಪ ಬೇರೆ, ಋಣ ಬೇರೆ. ತಾತ ಮಾಡಿದ ತಪ್ಪಿಗೆ ಮೊಮ್ಮಗನನ್ನ ಜೈಲಿಗೆ ಹಾಕೋಕಾಗಲ್ಲ. ತಾತನ ಮನೇಲಿ ಕೂತವನು ತಾತನ ಸಾಲ ನನ್ನದಲ್ಲ ಅನ್ನೋ ಹಾಗೂ ಇಲ್ಲ.

ಇಲ್ಲಿ ಸಾಲ ಅನ್ನೋದು ಬರೀ ಮಾತಿಗಲ್ಲ. 1833ರಲ್ಲಿ ಗುಲಾಮಗಿರಿ ರದ್ದು ಮಾಡೋ ಕಾನೂನು ತಂದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಡ್ತು, ಸರ್ಕಾರದ ಒಂದು ವರ್ಷದ ಖರ್ಚಿನ ಹತ್ತಿರ ಹತ್ತಿರ 40 ಪರ್ಸೆಂಟು. ಕೊಟ್ಟಿದ್ದು ಯಾರಿಗೆ? ಒಡೆಯರಿಗೆ, ಆಸ್ತಿ ಕಳ್ಕೊಂಡರು ಅಂತ. ಗುಲಾಮರಿಗೆ ಒಂದು ಪೆನ್ನಿ ಇಲ್ಲ. ಅವರಲ್ಲಿ ಹೆಚ್ಚಿನವರು 'ಅಪ್ರೆಂಟಿಸ್' ಅನ್ನೋ ಹೊಸ ಹೆಸರಲ್ಲಿ 1838ರವರೆಗೂ ಅದೇ ತೋಟಗಳಲ್ಲಿ ದುಡಿದರು. ಆ ಪರಿಹಾರಕ್ಕೆ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. 2018ರಲ್ಲಿ ಇಲ್ಲಿನ ಖಜಾನೆ ಇಲಾಖೆ ಅದನ್ನ ಹೆಮ್ಮೆಯ ಸಂಗತಿ ಅನ್ನೋ ಥರ ಟ್ವೀಟ್ ಮಾಡಿತ್ತು, ಆಗಲೇ ನನಗೆ ತಿಳಿದಿದ್ದು. ಹನ್ನೊಂದು ವರ್ಷ ನನ್ನ ಸಂಬಳದಲ್ಲಿ ಹಿಡಿದ ತೆರಿಗೆಯಿಂದಲೂ ಆ ಕಂತಿಗೆ ಏನೋ ಒಂದಿಷ್ಟು ಹೋಗಿದೆ. ಕೊಳ್ಳೆ ಹೊಡೆಸಿಕೊಂಡ ದೇಶದಿಂದ ಬಂದವನು ಗುಲಾಮರ ಒಡೆಯರ ಸಾಲ ತೀರಿಸಿದೆ. ಅಂದಮೇಲೆ ನೀನೂ ನಾನೂ ಹೊರಗೆ ನಿಂತು ನೋಡೋ ಜನ ಅಲ್ಲ.

ನಮ್ಮನ್ನೂ ಆಳಿದರು ಅಂದೆಯಲ್ಲ, ಅದೂ ನಿಜ. 1833ರ ಆ ಕಾನೂನೇ ಈಸ್ಟ್ ಇಂಡಿಯಾ ಕಂಪನಿಯ ನೆಲಕ್ಕೆ ಅನ್ವಯಿಸಲಿಲ್ಲ. ಅಲ್ಲಿಗೆ ಬೇರೆ ಕಾಯ್ದೆ ಬರೋಕೆ 1843 ಆಗಬೇಕಾಯ್ತು. ಆದರೆ ನೀನು ದಿನಾ ಹತ್ತೋ ಬಸ್ಸಿನ ಕಥೆಯನ್ನೂ ಕೇಳು. 1963ರವರೆಗೆ ಈ ಊರಿನ ಬಸ್ ಕಂಪನಿ ಕಪ್ಪು ಜನರನ್ನಾಗಲಿ ನಮ್ಮಂಥವರನ್ನಾಗಲಿ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ಸೇರಿಸ್ತಿರಲಿಲ್ಲ. ವೆಸ್ಟ್ ಇಂಡೀಸಿನಿಂದ ಬಂದವರು ನಾಲ್ಕು ತಿಂಗಳು ಬಸ್ ಬಹಿಷ್ಕಾರ ಮಾಡಿದ ಮೇಲೆ ಬಾಗಿಲು ತೆರೀತು. ತೆರೆದ ಬಾಗಿಲಲ್ಲಿ ಮೊದಲು ಕಂಡಕ್ಟರ್ ಆದವರು ರಘಬೀರ್ ಸಿಂಗ್, ಒಬ್ಬ ಸಿಖ್. ಬಹಿಷ್ಕಾರಕ್ಕೆ ನಿಂತವರು ಗುಲಾಮರ ಮೊಮ್ಮಕ್ಕಳು, ಬಾಗಿಲು ದಾಟಿದವರಲ್ಲಿ ನಾವೂ ಇದ್ದೀವಿ. ಆಫೀಸಿನಲ್ಲಿ ಆ ದಿನ ಜನ ಸುಮ್ಮನಾಗಿದ್ದು ಇದಕ್ಕೇ ಇರಬಹುದು.

ಈಗ ಎರಡನೇದು.

2007ರಲ್ಲಿ ನಮ್ಮವರೇ ಒಬ್ಬರ ಮನೇಲಿ ಊರಿಂದ ಕರ್ಕೊಂಡು ಬಂದ ಹೆಂಗಸೊಬ್ಬಳಿದ್ದಳು. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬೇಕು. ಆ ಮನೆಯವರು ದೊಡ್ಡ ಮನಸ್ಸಿನವರು, ನಾನು ಬಂದ ಹೊಸದರಲ್ಲಿ ಒಂದು ತಿಂಗಳು ಅವರ ಮನೇಲೇ ಇದ್ದೆ, ಅದನ್ನ ಮರೆತಿಲ್ಲ. ನನ್ನ ಹೆಂಡತಿಗೆ ಕೆಲಸ ಸಿಕ್ಕಾಗ "ನಿಮ್ಮ ಮಗೂನೂ ಇಲ್ಲೇ ಬಿಡಿ, ಇವಳು ನೋಡ್ಕೋತಾಳೆ" ಅಂದರು. ಎಂಟು ತಿಂಗಳು ಬಿಟ್ಟೆವು. ದುಡ್ಡು ಬೇಡ ಅಂದರು. ಹಬ್ಬಕ್ಕೆ ಅವಳಿಗೊಂದು ಸೀರೆ ಕೊಟ್ಟು ನಾವೇ ದೊಡ್ಡವರಾದೆವು. ನರ್ಸರಿಗೆ ಕೊಡಬೇಕಾಗಿದ್ದ ದುಡ್ಡು ಉಳೀತು, ಈಗಿರೋ ಮನೆಗೆ ಮುಂಗಡ ಕಟ್ಟುವಾಗ ಅದೂ ಸೇರಿತ್ತು.

ಒಂದು ಸಂಜೆ ಮಗೂಗೆ ಷೂ ಹಾಕ್ತಾ, ತಲೆ ಎತ್ತದೆ ಕೇಳಿದಳು: "ಅಣ್ಣಾ, ನನ್ನ ಪಾಸ್‌ಪೋರ್ಟು ಅವರ ಬೀರುವಲ್ಲಿದೆ. ಹೇಳಿ ಕೊಡಿಸ್ತೀರಾ?"

"ಅದನ್ನ ಇಟ್ಕೊಂಡು ಎಲ್ಲಿಗೆ ಹೋಗ್ತೀಯ ತಾಯಿ, ಅಲ್ಲೇ ಭದ್ರವಾಗಿರುತ್ತೆ" ಅಂತ ನಕ್ಕೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗ್ತಿತ್ತು. ಆ ವಾರವೇ ಊಟಕ್ಕೆ ಕೂತಾಗ ಮನೆ ಯಜಮಾನರಿಗೆ ತಮಾಷೆ ಅಂತ ಹೇಳಿಬಿಟ್ಟೆ. ಮುಂದಿನ ತಿಂಗಳು ಅವಳಿರಲಿಲ್ಲ. "ಕಳಿಸಿಬಿಟ್ವಿ, ಯಾರೋ ತಲೆ ಕೆಡಿಸಿದ್ರು" ಅಂದರು. ಸಂಬಳ ಊರಲ್ಲಿ ಅವಳ ಅಪ್ಪನಿಗೆ ಕೊಡ್ತಿದ್ದರಂತೆ. ಎಷ್ಟು ಅಂತ ಯಾರೂ ಕೇಳಲಿಲ್ಲ. ನನಗೆ ಆಗ ಹೊಳೆದಿದ್ದು ಒಂದೇ ಮಾತು: ಸೋಮವಾರ ಮಗೂನ ಎಲ್ಲಿ ಬಿಡೋದು?

ಜೀತಕ್ಕಿದ್ದವರು ನಮ್ಮ ಮನೆಗಳಲ್ಲಿ ಎಲ್ಲಿ ಕೂರ್ತಿದ್ದರು, ಯಾವ ಲೋಟದಲ್ಲಿ ಕುಡೀತಿದ್ದರು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. 1976ರಲ್ಲೇ ಕಾನೂನಿನಿಂದ ಹೋಯ್ತು ಅಂತ ಪರೀಕ್ಷೆಯಲ್ಲಿ ಬರೆದವನು ನಾನು.

ವರ್ಷಗಳಾದ ಮೇಲೆ ಗೊತ್ತಾಯ್ತು: 1998ರಿಂದ 2012ರವರೆಗೆ ಇಲ್ಲಿ ಮನೆಕೆಲಸದ ವೀಸಾದಲ್ಲಿ ಬಂದವರಿಗೆ ಯಜಮಾನರನ್ನ ಬದಲಾಯಿಸೋ ಹಕ್ಕಿತ್ತು. ಕಾನೂನು ಅವಳ ಪಕ್ಕದಲ್ಲೇ ಇತ್ತು. ನನಗೆ ಗೊತ್ತಿರಲಿಲ್ಲ ಅನ್ನಬಹುದು. ಆದರೆ ನನ್ನ ವೀಸಾದ ಒಂದೊಂದು ನಿಯಮವೂ ನನಗೆ ಬಾಯಿಪಾಠ ಇತ್ತು.

ನಿನ್ನ ಪ್ರಶ್ನೆಗೆ ಉತ್ತರ, ಆಗಲ್ಲ. ಈಗ ಆ ವೀಸಾ ಇರೋದು ಭೇಟಿಗೆ ಬರೋವರ ಜೊತೆ ಬರೋ ಕೆಲಸದವರಿಗೆ, ಆರು ತಿಂಗಳ ಮಟ್ಟಿಗೆ. ನಿನ್ನ ಹಾಗೆ ಇಲ್ಲಿ ನೌಕರಿಗೆ ಬಂದವರಿಗಲ್ಲ. ಬೇರೆ ಹೆಸರಲ್ಲಿ ಕರೆಸೋ ದಾರಿ ಇದೆ ಅನ್ನೋರು ಸಿಗ್ತಾರೆ, ಅವರ ಫೋನೇ ಎತ್ತಬೇಡ. ಇನ್ನು ನಿನ್ನ 'ಮನೆಮಗಳ ಹಾಗೆ' ಅನ್ನೋ ಮಾತು. ಮನೆಯಲ್ಲೇ ಇದ್ದು ಮನೆಯವರ ಹಾಗೆ ಬಾಳೋ ಕೆಲಸದವರಿಗೆ ಕನಿಷ್ಠ ವೇತನ ಕೊಡಬೇಕಾಗಿಲ್ಲ ಅಂತ ಇಲ್ಲಿ ನಿಯಮವೇ ಇತ್ತು, 2024ರ ಏಪ್ರಿಲ್‌ನಲ್ಲಿ ತೆಗೆದರು. ನಾವೆಲ್ಲ ಪ್ರೀತಿ ಅಂದ್ಕೊಂಡು ಆಡೋ ಮಾತು ಇವರ ಕಾನೂನಿನಲ್ಲಿ ಸಂಬಳ ತಪ್ಪಿಸೋ ಸಂದಿಯಾಗಿತ್ತು.

ಬಂದರಿನ ಹತ್ರ ಎರಡು ದೊಡ್ಡ ಕೊಂಬಿರೋ ಕಾಲುಸೇತುವೆ ದಾಟಿರಬೇಕು ನೀನು. ಅದರ ಹೆಸರು ಪೆರೋ. ಜಾನ್ ಪಿನ್ನಿ ಅನ್ನೋ ಸಕ್ಕರೆ ವ್ಯಾಪಾರಿ 1765ರಲ್ಲಿ ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ ಕೊಂಡ 12 ವರ್ಷದ ಹುಡುಗ ಪೆರೋ. ಆಮೇಲೆ ಸಂಸಾರದ ಜೊತೆ ಅವನನ್ನೂ ಇಲ್ಲಿಗೆ ತಂದರು, ಮನೆಕೆಲಸಕ್ಕೆ. ಆ ಮನೆ ಈಗ ಮ್ಯೂಸಿಯಂ, ಗ್ರೇಟ್ ಜಾರ್ಜ್ ಸ್ಟ್ರೀಟಿನಲ್ಲಿದೆ. ನನ್ನ ಮಗಳ ಜೊತೆ ಒಂದು ಸಲ ಹೋಗಿದ್ದೆ. "ನಾನು ಚಿಕ್ಕವಳಾಗಿದ್ದಾಗ ನನ್ನ ಯಾರು ನೋಡ್ಕೋತಿದ್ರು?" ಅಂತ ಕೇಳಿದಳು. ಹೇಳೋಣ ಅಂದರೆ ಆ ಹೆಂಗಸಿನ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ಎಲ್ಲರೂ ಕರೀತಿದ್ದ ಅಡ್ಡಹೆಸರು ಗೊತ್ತು, ಅಷ್ಟೇ.

ನರ್ಸರಿಗೆ ಇವತ್ತೇ ಹೆಸರು ಬರೆಸು, ಸರದಿ ಉದ್ದ ಇರುತ್ತೆ, ದುಬಾರಿಯೂ ಹೌದು. ನಾನೀಗ ವಾರಕ್ಕೆ ನಾಲ್ಕೇ ದಿನ ಕೆಲಸಕ್ಕೆ ಹೋಗೋದು. ಸೀಟು ಸಿಗೋವರೆಗೆ ಶುಕ್ರವಾರ ಮಗೂನ ನಮ್ಮ ಮನೇಲಿ ಬಿಟ್ಟು ಹೋಗು, ನಾನೇ ನೋಡ್ಕೋತೀನಿ. ಎಂಟು ಗಂಟೆಗೆ ಬಂದರೂ ಎದ್ದಿರ್ತೀನಿ.