ಮಳೆಗಾಲ ಪೂರ್ತಿ ನಿಂತ ಬೈಕ್ ಸ್ಟಾರ್ಟ್ ಆಗ್ತಿಲ್ಲ, ಬ್ಯಾಟರಿ ಬದಲಿಸಬೇಕಾ?

ಬೇಡ. ಸೆಲ್ಫ್ ಒತ್ತಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಹಾರ್ನ್ ಸರಿ ಇದೆ ಅಂತ ನೀವೇ ಬರೆದಿದ್ದೀರಿ. ಮತ್ತೆ ಬ್ಯಾಟರಿಗೆ ಯಾಕೆ ದುಡ್ಡು ಹಾಕುತ್ತೀರಿ ಮಾರಾಯ್ರೆ? ಸುರತ್ಕಲ್‌ನಲ್ಲಿ ಜೂನ್‌ನಿಂದ ನಿಂತ ಹಳೇ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬೈಕ್, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್. ನನ್ನ ಅನುಮಾನ ಟ್ಯಾಂಕಿನೊಳಗೆ ಸೇರಿದ ನೀರಿನ ಮೇಲೆ. ಓದುವಾಗ ನನ್ನದೇ ಕಥೆ ಅನ್ನಿಸಿತು.

ನಮ್ಮ ಮನೆ ಕಾಪುವಿನಲ್ಲಿ. ಬೈಕ್ ಅಪ್ಪನದು, ಬೆಳಗಿನ ಜಾವ ಮಲ್ಪೆ ಬಂದರಿಗೆ ಅದರಲ್ಲೇ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಇಟ್ಟುಕೊಂಡೆ. 2022ರ ಮೇ ಕೊನೆಗೆ ಮಸ್ಕತ್‌ಗೆ ಹೊರಟಾಗ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದೆ. ಡಿಸೆಂಬರಿನಲ್ಲಿ ಬಂದು ಕಿಕ್ ಹೊಡೆದರೆ ಉಸಿರೇ ಇಲ್ಲ. ಟ್ಯಾಂಕ್ ಮುಚ್ಚಳ ತೆಗೆದೆ. ಹಳೇ ಪೈಂಟ್ ಡಬ್ಬಿಯ ವಾಸನೆ.

ಆಗ ನಾನು ಮಾಡಿದ ತಪ್ಪು ಇದು: ಹಳೇ ಪೆಟ್ರೋಲ್ ತೆಗೆಯದೆ ಅದರ ಮೇಲೆಯೇ 2 ಲೀಟರ್ ಹೊಸದು ಸುರಿದೆ. ಹೊಸದು ಬಿದ್ದರೆ ಹಿಡಿಯುತ್ತದೆ ಅಂತ ಲೆಕ್ಕ. ಆದರೆ ನೀರು ಪೆಟ್ರೋಲಿಗಿಂತ ಭಾರ. ಅರ್ಧ ಟ್ಯಾಂಕ್ ಖಾಲಿ ಇದ್ದರೆ ನಮ್ಮ ಕರಾವಳಿಯ ತೇವದ ಗಾಳಿ ಒಳಗೆ ಸೇರಿ ತಗಡಿನ ಮೇಲೆ ಹನಿಯಾಗಿ ತಳಕ್ಕಿಳಿಯುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕೂಡ ತೇವ ಎಳೆದುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಬೇರೆಯಾಗಿ ಕೆಳಗೆ ಕೂರುತ್ತವೆ. ಮೇಲಿನಿಂದ ಎಷ್ಟು ಸುರಿದರೂ ತಳದ ನೀರು ತಳದಲ್ಲೇ. ಮೇಲಾಗಿ, ಸುಮ್ನೆ ಕೂತಿದ್ದ ತುಕ್ಕನ್ನು ನಾನೇ ಕಲಕಿದ ಹಾಗಾಯಿತು. ಅಷ್ಟು ಸಾಲದು ಅಂತ ಪೆಟ್ರೋಲ್ ಕಾಕ್ (ಟ್ಯಾಂಕಿನಡಿಯ ನಲ್ಲಿ) ರಿಸರ್ವ್‌ಗೆ ತಿರುಗಿಸಿದೆ. ರಿಸರ್ವ್ ಎಳೆಯುವುದೇ ತಳದಿಂದ ಅಲ್ವಾ? ಬ್ಯಾಟರಿ ಸಾಯುವವರೆಗೆ ಸೆಲ್ಫ್ ಒತ್ತಿ, ತುಕ್ಕು ನೀರನ್ನೆಲ್ಲ ಕಾರ್ಬ್ಯುರೇಟರಿಗೆ ಕಳಿಸಿದೆ.

ಮೆಕ್ಯಾನಿಕ್ ಪೈಪ್ ಬಿಡಿಸಿ ಗಾಜಿನ ಬಾಟ್ಲಿಗೆ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಎರಡು ಬೆರಳು ದಪ್ಪ ಬೇರೆ ಪದರ, ಅದರಡಿ ಕಾಫಿ ಪುಡಿಯಂಥ ತುಕ್ಕು. "ಉಂದು ಪೆಟ್ರೋಲ್ ಅತ್ತ್, ನೀರ್" (ಇದು ಪೆಟ್ರೋಲ್ ಅಲ್ಲ, ನೀರು) ಅಂತ ತುಳುವಿನಲ್ಲಿ ಅಂದರು. ಜೆಟ್ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಹೋಗಿತ್ತು, ಟ್ಯಾಂಕಿನ ತಳ ಎರಡು ಕಡೆ ತೂತಾಗಿತ್ತು. ಬೆಸುಗೆ, ಕ್ಲೀನಿಂಗ್, ಕಾರ್ಬ್ಯುರೇಟರ್ ಕೆಲಸ, ಬ್ಯಾಟರಿ ಸೇರಿ 6,000 ರೂಪಾಯಿ ದಾಟಿತು. ದುಡ್ಡಿಗಿಂತ ಬೇಸರವಾದದ್ದು ಬೆಸುಗೆಯ ಬಿಸಿಗೆ ಅಪ್ಪ ಜೋಪಾನ ಮಾಡಿದ್ದ ಟ್ಯಾಂಕಿನ ಬಣ್ಣ ಸುಟ್ಟು ಹೋದದ್ದು.

ಹಾಗಾಗಿ ಇನ್ನು ಸೆಲ್ಫ್ ಮುಟ್ಟಬೇಡಿ. ತಳ್ಳಿ ಸ್ಟಾರ್ಟ್ ಮಾಡಿ ಅನ್ನುವವರ ಮಾತೂ ಬೇಡ, ಒಳಗೆ ಹೋಗುವುದು ಅದೇ ನೀರು. ಬಯಲಿನಲ್ಲಿ, ಬೆಂಕಿಯಿಂದ ದೂರ, ಪೆಟ್ರೋಲ್ ಪೈಪ್ ಬಿಡಿಸಿ, ಕಾಕ್ ರಿಸರ್ವ್‌ಗೆ ತಿರುಗಿಸಿ ಗಾಜಿನ ಬಾಟ್ಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಾಡಿಸಬೇಡಿ. ತಳದಲ್ಲಿ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಕಾರ್ಬ್ಯುರೇಟರ್ ಅಡಿಯಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ, ಅದನ್ನು ಸಡಿಲಿಸಿ ಒಳಗಿದ್ದದ್ದನ್ನೂ ಇಳಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ. ಇಷ್ಟಾದ ಮೇಲೆ ಹೊಸ ಪೆಟ್ರೋಲ್ ಹಾಕಿ ಚೋಕ್ ಎಳೆದು ನೋಡಿ. ಹಿಡಿಯದಿದ್ದರೆ ಜೆಟ್ ಕ್ಲೀನ್ ಮಾಡಿಸಲೇಬೇಕು.

ಈಗ ನಾನು ಊರು ಬಿಡುವ ಮುಂಚೆ ಟ್ಯಾಂಕ್ ಫುಲ್ ಮಾಡುತ್ತೇನೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಒಣಗಿಸುತ್ತೇನೆ. ಮೇಲೆ ಪ್ಲಾಸ್ಟಿಕ್ ಇಲ್ಲ, ಅಮ್ಮನ ಹಳೇ ಹತ್ತಿ ಸೀರೆ. ವಾರಕ್ಕೊಮ್ಮೆ ಭಾವ ಬಂದು ಪಡುಬಿದ್ರಿವರೆಗೆ ಓಡಿಸುತ್ತಾರೆ.

ಬಾಟ್ಲಿಯಲ್ಲಿ ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ನೋಡುತ್ತೇನೆ.