ದಿನಾ 300 ಸಲ ಜಿಗಿದರೂ ಜಿಗಿತದ ಎತ್ತರ ಯಾಕೆ ಹೆಚ್ಚುತ್ತಿಲ್ಲ?

ಪ್ರಶ್ನೆ: ಮಗನಿಗೆ 14 ವರ್ಷ. ಶಾಲೆಯ ವಾಲಿಬಾಲ್ ತಂಡದಲ್ಲಿ ಸ್ಮ್ಯಾಷ್ ಹೊಡೆಯುತ್ತಾನೆ. ಮೊಬೈಲಿನಲ್ಲಿ ಪ್ಲಯೊಮೆಟ್ರಿಕ್ ಎಂಬ ಜಿಗಿತದ ವ್ಯಾಯಾಮದ ವಿಡಿಯೊ ನೋಡಿ ದಿನಾ ಸಂಜೆ ಸಿಮೆಂಟ್ ಅಂಗಳದಲ್ಲಿ 300 ಸಲ ಜಿಗಿಯುತ್ತಾನೆ. ಆರು ವಾರವಾದರೂ ಜಿಗಿತ ಹೆಚ್ಚಿಲ್ಲ, ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗಿದೆ. ಬಿಡಿಸಬೇಕೆ?

ಉತ್ತರ: ನೋವು ಹೋಗುವವರೆಗೆ ಜಿಗಿತ ಬೇಡವೇ ಬೇಡ. ಮಂಡಿಚಿಪ್ಪಿನ ಕೆಳಗೆ, ಕಣಕಾಲಿನ ಮೂಳೆಯ ಮೇಲ್ತುದಿಯಲ್ಲಿ ಒಂದು ಉಬ್ಬು ಕೈಗೆ ಸಿಗುತ್ತದೆ. ಅದನ್ನು ಒತ್ತಿದರೆ ನೋಯುವುದಾದರೆ ಆಸ್‌ಗುಡ್-ಶ್ಲಾಟರ್ ತೊಂದರೆ ಇರಬಹುದು. ಬೆಳೆಯುವ ಮಕ್ಕಳಲ್ಲಿ ಆ ಉಬ್ಬು ಇನ್ನೂ ಗಟ್ಟಿಯಾಗಿರುವುದಿಲ್ಲ. ತೊಡೆಯ ಸ್ನಾಯು ಪ್ರತಿ ಜಿಗಿತಕ್ಕೂ ಅದನ್ನೇ ಜಗ್ಗುತ್ತದೆ. ಮೂಳೆ ವೈದ್ಯರಿಗೆ ತೋರಿಸಿ. ಕುಂಟುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ತಡಮಾಡಬೇಡಿ.

ಇನ್ನು 300ರ ಲೆಕ್ಕ. ಕಾಲು ಮಡಿದಾಗ ಸ್ನಾಯು, ಸ್ನಾಯುರಜ್ಜು ಹಿಗ್ಗುತ್ತವೆ. ಆ ಹಿಗ್ಗಿನ ಶಕ್ತಿ ಸೋರಿಹೋಗುವ ಮುಂಚೆ ಮೇಲಕ್ಕೆ ಚಿಮ್ಮುವುದನ್ನು ಮೈಗೆ ಕಲಿಸುವುದೇ ಪ್ಲಯೊಮೆಟ್ರಿಕ್. ಚುರುಕಾದ ಪುಟಿತದಲ್ಲಿ ಪಾದ ನೆಲದಲ್ಲಿರುವುದು ಕಾಲು ಸೆಕೆಂಡಿಗಿಂತ ಕಡಿಮೆ. ದಣಿದ ಕಾಲು ಅಷ್ಟು ಬೇಗ ಏಳುವುದಿಲ್ಲ. ಹಾಗಾಗಿ ದಣಿವು ಬಂದ ಮೇಲೆ ಅವನು ರೂಢಿ ಮಾಡಿಕೊಳ್ಳುತ್ತಿರುವುದು ನಿಧಾನವಾಗಿ ಜಿಗಿಯುವುದನ್ನು.

ನೋವು ಪೂರ್ತಿ ಹೋದ ಮೇಲೆ ಇಳಿಯುವುದರಿಂದಲೇ ಶುರುಮಾಡಿಸಿ. 20 ಸೆಂಟಿಮೀಟರ್ ಮೆಟ್ಟಿಲಿನಿಂದ ಎರಡೂ ಕಾಲಿಗೆ ಇಳಿದು, ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲಬೇಕು. ಎದುರಿನಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿ: ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರವಾದರೆ ಅದೇ ದೋಷ. ಮಂಡಿ ಪಾದದ ನೇರಕ್ಕೇ ಮಡಿಯಬೇಕು, ಸೊಂಟ ಹಿಂದಕ್ಕೆ ಹೋಗಬೇಕು. ಧಪ್ ಎಂಬ ಸದ್ದು ಬಂದರೆ ಕಾಲು ಮಡಿದಿಲ್ಲ ಎಂದೇ ಅರ್ಥ. ಇದು ಸರಿಯಾಗಲು ಎರಡು ಮೂರು ವಾರ ಬೇಕಾಗುತ್ತದೆ, ಆತುರಪಡಬೇಡಿ. ಜೊತೆಗೆ ಬಸ್ಕಿ, ಹಿಮ್ಮಡಿ ಎತ್ತುವುದು 10ರಂತೆ ಮೂರು ಸುತ್ತು.

ಆಮೇಲೆ ವಾರಕ್ಕೆ ಎರಡೇ ದಿನ, ಸೋಮವಾರ ಮತ್ತು ಗುರುವಾರ ಅಂದುಕೊಳ್ಳಿ. ಮೈ ಬಿಸಿ ಮಾಡಿಕೊಂಡು, ಆಟಕ್ಕೆ ಮೊದಲೇ ಮುಗಿಸಬೇಕು. ನಿಂತಲ್ಲಿಂದ ಮೇಲಕ್ಕೆ ಜಿಗಿತ 5ರಂತೆ ನಾಲ್ಕು ಸುತ್ತು, ಪಾದದಲ್ಲೇ ಪುಟಿಯುವುದು 10ರಂತೆ ಎರಡು ಸುತ್ತು, ಮೂರು ಹೆಜ್ಜೆ ಓಡಿಬಂದು ಸ್ಮ್ಯಾಷ್ ಜಿಗಿತ 4ರಂತೆ ನಾಲ್ಕು ಸುತ್ತು. ಒಟ್ಟು 56. ಸುತ್ತಿನ ನಡುವೆ ಒಂದೂವರೆ ನಿಮಿಷ ಸುಮ್ಮನೆ ನಿಲ್ಲಲಿ. ಮಕ್ಕಳಿಗೆ ಈ ಬಿಡುವು ಸೋಮಾರಿತನ ಅನ್ನಿಸುತ್ತದೆ, ಆದರೆ ಫಲ ಸಿಗುವುದು ಇದರಿಂದಲೇ. ಸಿಮೆಂಟ್ ಬಿಟ್ಟು ಹುಲ್ಲು ಅಥವಾ ಹದವಾದ ಮಣ್ಣಿನ ನೆಲ ಆರಿಸಿ. ಪಂದ್ಯವಿರುವ ವಾರ ಇದರಲ್ಲಿ ಅರ್ಧ ಸಾಕು, ಏಕೆಂದರೆ ಆಟದಲ್ಲಿನ ಸ್ಮ್ಯಾಷ್, ಬ್ಲಾಕ್ ಕೂಡ ಅದೇ ಮಂಡಿಯ ಲೆಕ್ಕಕ್ಕೇ ಸೇರುತ್ತವೆ.

ಎತ್ತರದ ಪೆಟ್ಟಿಗೆಯಿಂದ ಕೆಳಗೆ ಹಾರಿ ಮತ್ತೆ ಚಿಮ್ಮುವ ವಿಡಿಯೊಗಳನ್ನು ಸದ್ಯಕ್ಕೆ ಮರೆಯಲಿ. ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್ಸ್ಕಿ ಬೆಳೆಸಿದ ಆ ವಿಧಾನ, ಮೊದಲೇ ಕಾಲಿನ ಬಲ ಕಟ್ಟಿಕೊಂಡ ಆಟಗಾರರಿಗೆ ಸೇರಿದ್ದು.

ಅಳೆಯಲು ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿ, ಗೋಡೆ ಪಕ್ಕ ನಿಂತು ಕೈ ಮೇಲಕ್ಕೆ ಚಾಚಿ ಒಂದು ಗುರುತು, ಜಿಗಿದು ಇನ್ನೊಂದು ಗುರುತು. ನಡುವಿನ ಅಂತರವೇ ಜಿಗಿತ. ನಿಂತ ಗುರುತನ್ನು ಪ್ರತಿ ಸಲವೂ ಹೊಸದಾಗಿ ಹಾಕಿ. ಹುಡುಗ ಬೆಳೆಯುತ್ತಿದ್ದಾನೆ, ಹಳೆಯ ಗುರುತಿನಿಂದ ಅಳೆದರೆ ಬೆಳೆದ ಎತ್ತರವೂ ಜಿಗಿತದಲ್ಲಿ ಸೇರಿಬಿಡುತ್ತದೆ.